ಟ್ರಾಫಿಕ್ ಲೆಕ್ಕ ನೋಡಿ ಐಎಸ್‌ಪಿ ದುಡ್ಡು ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿದ ಬಗೆ: ನನ್ನ ಅನುಭವ

ಐಎಸ್‌ಪಿಗಳಲ್ಲಿ, ಅಂದರೆ ಇಂಟರ್ನೆಟ್ ಸಂಪರ್ಕ ಮಾರುವ ಕಂಪನಿಗಳಲ್ಲಿ, ಟ್ರಾಫಿಕ್ ಗ್ರಾಫ್‌ಗಳಿಗೆ ಬರವಿಲ್ಲ. ಆದರೆ ಯಾವ ಲಿಂಕ್ ಹೆಚ್ಚಿಸಬೇಕು, ಯಾವ ಪ್ಲಾನ್ ಮಾರಬೇಕು ಅನ್ನುವ ಮಾತು ಬಂದಾಗ ಆ ಗ್ರಾಫ್‌ಗಳನ್ನು ತೆರೆಯುವವರು ಕಡಿಮೆ. ನೆಟ್‌ವರ್ಕ್ ಕಡೆಯವರಿಗೆ ಲೆಕ್ಕ ಗೊತ್ತು, ವ್ಯಾಪಾರದ ಕಡೆಯವರಿಗೆ ಬಿಲ್ ಗೊತ್ತು. ಇವೆರಡನ್ನೂ ಒಂದೇ ಮೇಜಿನ ಮೇಲೆ ತರುವುದು ನನ್ನ ಕೆಲಸವಾಗಿತ್ತು. ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ವಿಚಾರ ಒಂದೇ: ಗ್ರಾಹಕರು ತಿಂಗಳಿಗೆ ಎಷ್ಟು ಜಿಬಿ ಬಳಸಿದರು ಅನ್ನುವುದನ್ನು ಪಕ್ಕಕ್ಕಿಡಿ, ಪೀಕ್ ಹೊತ್ತಿನಲ್ಲಿ (ಎಲ್ಲರೂ ಒಟ್ಟಿಗೆ ಬಳಸುವ ದಟ್ಟಣೆಯ ಹೊತ್ತು) ಎಷ್ಟು ಬಳಸಿದರು ನೋಡಿ. ಖರ್ಚು ಹುಟ್ಟುವುದು ಅಲ್ಲೇ. ಬೆಳಗಿನ ಜಾವ ಮೂರು ಗಂಟೆಗೆ ಯಾರೋ ದೊಡ್ಡ ಗೇಮ್ ಇಳಿಸಿಕೊಂಡರೆ ನಮಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಆಗ ಲಿಂಕ್ ಹೇಗೂ ಖಾಲಿ.

ಮೊದಲು ಅಳತೆ ಸರಿ ಇರಬೇಕು. ಎಸ್‌ಎನ್‌ಎಂಪಿಯಲ್ಲಿ (ರೂಟರ್‌ಗಳಿಂದ ಅಂಕಿ ಕೇಳಿ ಪಡೆಯುವ ವಿಧಾನ) ಐದು ನಿಮಿಷಕ್ಕೊಮ್ಮೆ ಓದುವಾಗ, ಹಾದುಹೋದ ಬೈಟ್‌ಗಳನ್ನು ಎಣಿಸುವ 64 ಬಿಟ್ ಕೌಂಟರ್‌ಗಳನ್ನೇ ಬಳಸಿ, ಯಾಕಂದ್ರೆ 32 ಬಿಟ್ ಕೌಂಟರ್ 1 ಜಿಬಿಪಿಎಸ್ ವೇಗದಲ್ಲಿ ಸುಮಾರು 34 ಸೆಕೆಂಡಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇನ್ನೊಂದು ವಿಷಯ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಗ್ರಾಫ್‌ಗಳ ಅಂಕಿ ಇಡುವ ಆರ್‌ಆರ್‌ಡಿ ಥರದ ಸಂಗ್ರಹದಲ್ಲಿ ಡೇಟಾ ಹಳೆಯದಾದಂತೆ ಅದನ್ನು ಸರಾಸರಿ ಮಾಡಿ ಇಡುತ್ತಾರೆ. ಹಾಗಾಗಿ ಹೋದ ವರ್ಷದ ಪೀಕ್ ಗ್ರಾಫ್‌ನಲ್ಲಿ ನಿಜಕ್ಕಿಂತ ಕುಳ್ಳಗೆ ಕಾಣುತ್ತದೆ. ಅದನ್ನು ಈ ವರ್ಷದ ಪೀಕ್ ಜೊತೆ ಹೋಲಿಸಿದರೆ ಬೆಳವಣಿಗೆ ಸುಮ್ನೆ ಜಾಸ್ತಿ ತೋರುತ್ತದೆ, ಬೇಡದ ಲಿಂಕ್ ಕೊಳ್ಳುತ್ತೀರಿ. ಅದಕ್ಕೇ ನಾವು ಐದು ನಿಮಿಷದ ಮೂಲ ಅಂಕಿಗಳನ್ನೇ ಬಹುಕಾಲ ಉಳಿಸಿಕೊಂಡೆವು. ಡಿಸ್ಕ್ ಅಗ್ಗ, ಟ್ರಾನ್ಸಿಟ್ (ಉಳಿದ ಇಂಟರ್ನೆಟ್ ತಲುಪಲು ಬೇರೆ ನೆಟ್‌ವರ್ಕ್‌ಗಳಿಂದ ನಾವು ಕೊಳ್ಳುವ ಸಂಪರ್ಕ) ಅಲ್ಲ.

ಟ್ರಾನ್ಸಿಟ್ ಬಿಲ್ ಸಾಮಾನ್ಯವಾಗಿ 95ನೇ ಪರ್ಸೆಂಟೈಲ್ ಮೇಲೆ ನಿಲ್ಲುತ್ತದೆ. 30 ದಿನಕ್ಕೆ ಐದು ನಿಮಿಷದ 8,640 ಅಳತೆಗಳು. ಅವುಗಳಲ್ಲಿ ಅತಿ ಎತ್ತರದ 432 ಬಿಟ್ಟು, ಉಳಿದವುಗಳಲ್ಲಿ ಎತ್ತರದ್ದಕ್ಕೆ ಬಿಲ್ ಹಾಕುತ್ತಾರೆ, ಅಂದರೆ 36 ಗಂಟೆ ಲೆಕ್ಕಕ್ಕಿಲ್ಲ. ದಿನಕ್ಕೆ ಹಂಚಿದರೆ 72 ನಿಮಿಷ. ಈ ಸಣ್ಣ ಗುಣಾಕಾರ ನಮ್ಮ ಯೋಚನೆಯನ್ನೇ ತಿರುಗಿಸಿತು. ಯಾವುದೋ ಒಂದು ರಾತ್ರಿ ಪಂದ್ಯದಿಂದ ಟ್ರಾಫಿಕ್ ಆಕಾಶಕ್ಕೆ ಹೋದರೂ ಬಿಲ್‌ಗೆ ಅಷ್ಟೇನೂ ಪೆಟ್ಟಿಲ್ಲ (ಲಿಂಕ್ ಉಸಿರುಗಟ್ಟದಿದ್ದರೆ ಸಾಕು). ದಿನಾ ಸಂಜೆ ಎರಡು ಮೂರು ಗಂಟೆ ನಿಲ್ಲುವ ಆ ದಿಬ್ಬ ಇದೆಯಲ್ಲ, ಬಿಲ್ ಬರೆಯುವುದು ಅದು. ಆದ್ದರಿಂದ ಯಾವ ಪ್ರಸ್ತಾಪ ಬಂದರೂ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ, ಇದು ಸಂಜೆಯ ದಿಬ್ಬವನ್ನು ಎಷ್ಟು ಇಳಿಸುತ್ತದೆ?

ಉತ್ತರ ಸಿಕ್ಕಿದ್ದು ಫ್ಲೋ ಡೇಟಾದಲ್ಲಿ, ಅಂದರೆ ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಡೇಟಾ ಹೋಯಿತು ಅನ್ನುವ ದಾಖಲೆಯಲ್ಲಿ. ಗಡಿಯ ರೂಟರ್‌ಗಳಲ್ಲಿ ಆ ದಾಖಲೆ ಕೊಡುವ ನೆಟ್‌ಫ್ಲೋ ಹಾಕಿ, ಸಾವಿರ ಪ್ಯಾಕೆಟ್‌ಗೆ ಒಂದರಂತೆ ಸ್ಯಾಂಪಲ್ ತೆಗೆದು, ಟ್ರಾಫಿಕ್ ಯಾವ ಎಎಸ್ ನಂಬರ್‌ನಿಂದ (ಇಂಟರ್ನೆಟ್‌ನಲ್ಲಿ ಒಂದೊಂದು ನೆಟ್‌ವರ್ಕ್‌ಗೆ ಇರುವ ಗುರುತಿನ ಸಂಖ್ಯೆ) ಬರುತ್ತಿದೆ ಅಂತ ಪೀಕ್ ಹೊತ್ತಿನದ್ದನ್ನು ಮಾತ್ರ ಬೇರೆ ಮಾಡಿದೆವು. ಮೇಲಿನ ಕೆಲವೇ ನೆಟ್‌ವರ್ಕ್‌ಗಳು ದಿಬ್ಬದ ಬಹುಭಾಗ ತುಂಬಿದ್ದವು, ಬಹುಪಾಲು ವಿಡಿಯೊ. ಈ ಪಟ್ಟಿ ಕೈಯಲ್ಲಿದ್ದರೆ ಪೀರಿಂಗ್ (ಎರಡು ನೆಟ್‌ವರ್ಕ್‌ಗಳು ನೇರವಾಗಿ ಜೋಡಿಸಿಕೊಳ್ಳುವುದು) ಮಾತುಕತೆ ಸಲೀಸು. ನೆಟ್‌ಫ್ಲಿಕ್ಸ್‌ನ ಓಪನ್ ಕನೆಕ್ಟ್, ಗೂಗಲ್‌ನ ಗ್ಲೋಬಲ್ ಕ್ಯಾಶ್ ಇಂಥವು ಸಾಕಷ್ಟು ಟ್ರಾಫಿಕ್ ಇರುವ ಐಎಸ್‌ಪಿಗಳ ಒಳಗೇ ಸರ್ವರ್ ಇಡುತ್ತವೆ. ಓಪನ್ ಕನೆಕ್ಟ್ ಸರ್ವರ್‌ಗಳು ಹೊಸ ವಿಡಿಯೊಗಳನ್ನು ದಟ್ಟಣೆ ಇಲ್ಲದ ಹೊತ್ತಿನಲ್ಲಿ ತುಂಬಿಕೊಳ್ಳುತ್ತವೆ. ಸಂಜೆಯ ಭಾರ ಬೆಳಗಿನ ಜಾವಕ್ಕೆ ಸರಿಯುತ್ತದೆ, ಅಲ್ವಾ? ಬಿಲ್ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಬದಲಾವಣೆ ನಾನು ನೋಡಿಲ್ಲ.

ಅದೇ ಗ್ರಾಫ್ ಇನ್ನೊಂದು ದಾರಿಯನ್ನೂ ತೋರಿಸಿತು. ಬಹುತೇಕ ಒಪ್ಪಂದಗಳಲ್ಲಿ ಒಳಬರುವ, ಹೊರಹೋಗುವ ಎರಡರಲ್ಲಿ ದೊಡ್ಡದಕ್ಕೆ ಮಾತ್ರ ದುಡ್ಡು. ಮನೆ ಗ್ರಾಹಕರೇ ತುಂಬಿರುವ ಐಎಸ್‌ಪಿಗೆ ಒಳಬರುವುದೇ ದೊಡ್ಡದು, ಹೊರಹೋಗುವ ದಿಕ್ಕು ಅರ್ಧಕ್ಕಿಂತ ಹೆಚ್ಚು ಖಾಲಿ. ಆ ಜಾಗಕ್ಕೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ. ಅಪ್‌ಲೋಡ್ ಜಾಸ್ತಿ ಬೇಕಾದ ಕಚೇರಿಗಳಿಗೆ, ಬ್ಯಾಕಪ್ ಸೇವೆಗೆ ಅದನ್ನೇ ಮಾರಬಹುದು. ಆದರೆ ಬಿಲ್ ನೋಡಿ ಮಾತ್ರ ಹೊರಡಬೇಡಿ, ಗ್ರಾಹಕರ ಹತ್ತಿರದ ಫೈಬರ್‌ನಲ್ಲಿ ಅಪ್‌ಲೋಡ್ ಜಾಗ ಇದೆಯೇ ಅಂತಲೂ ನೋಡಬೇಕು.

ಆ ಫೈಬರ್‌ನ ಲೆಕ್ಕ ಬೇರೆ. ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಜಿಪಾನ್ ವ್ಯವಸ್ಥೆಯ ಒಂದು ಪೋರ್ಟ್‌ನಲ್ಲಿ ಡೌನ್‌ಲೋಡ್ ಸುಮಾರು 2.5 ಜಿಬಿಪಿಎಸ್, ಅಪ್‌ಲೋಡ್ ಸುಮಾರು 1.25. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಎಲ್ಲರೂ ಒಂದೇ ಕ್ಷಣ ಪೂರ್ತಿ ವೇಗ ಎಳೆಯುವುದಿಲ್ಲವಾದ್ದರಿಂದ ಇದು ನಡೆಯುತ್ತದೆ. ಇಡೀ ಊರಿನ ಸರಾಸರಿ ನೋಡಿದರೆ ಎಲ್ಲವೂ ಚೆನ್ನಾಗಿದೆ ಅನಿಸುತ್ತದೆ, ಆದರೆ ಪೋರ್ಟ್ ಪೋರ್ಟ್ ಬಿಡಿಸಿದರೆ ಕೆಲವು ಉಸಿರುಗಟ್ಟಿರುತ್ತವೆ, ಪಕ್ಕದವು ಆರಾಮಾಗಿರುತ್ತವೆ. ಪ್ರತಿ ಪೋರ್ಟ್‌ನ ಪೀಕ್ ಹೊತ್ತಿನ ಭಾರವನ್ನು ದೂರುಗಳ ಪಕ್ಕ, ಬಿಟ್ಟುಹೋದ ಗ್ರಾಹಕರ ಪಕ್ಕ ಇಟ್ಟು ನೋಡಿದೆವು. ಭಾರ 70 ಶೇಕಡಾ ದಾಟಿ ಕೆಲ ವಾರ ಅಲ್ಲೇ ನಿಂತರೆ ಆ ಪೋರ್ಟ್ ಪಟ್ಟಿಗೆ ಸೇರುತ್ತಿತ್ತು. ಎಲ್ಲ ಕಡೆ ಹೊಸ ಉಪಕರಣ ಬೇಕಿಲ್ಲ. ಜಿಪಾನ್‌ಗಿಂತ ವೇಗದ ಎಕ್ಸ್‌ಜಿಎಸ್ ಪಾನ್ ಬೇರೆ ತರಂಗಾಂತರದಲ್ಲಿ ಅದೇ ಫೈಬರ್ ಮೇಲೆ ಜಿಪಾನ್ ಜೊತೆಗೇ ಓಡುತ್ತದೆ. ಹಾಗಾಗಿ ಸಂಜೆ ಹೆಚ್ಚು ಎಳೆಯುವ ನಾಲ್ಕೈದು ಮನೆಗಳನ್ನು ಅದಕ್ಕೆ ಸರಿಸಿದರೆ ಉಳಿದವರಿಗೆಲ್ಲ ಜಾಗ ಸಿಗುತ್ತದೆ.

ಪ್ಲಾನ್ ಮಾರುವವರಿಗೆ ನಾನು ಕೊಟ್ಟದ್ದು ಚಿಕ್ಕ ಪಟ್ಟಿ. ದಿನಾ ಪೀಕ್ ಹೊತ್ತಿನಲ್ಲಿ ತಮ್ಮ ಪ್ಲಾನ್‌ನ ಮಿತಿಗೆ ತಲೆ ತಾಗಿಸುವವರು ಯಾರು, ಅವರಿಗೆ ಮಾತ್ರ ಫೋನ್ ಮಾಡಿ. ಮಿತಿಯ ಹತ್ತಿರವೂ ಬಾರದವರಿಗೆ ದೊಡ್ಡ ಪ್ಲಾನ್ ತಗುಲಿಸಬೇಡಿ, ಅವರ ತೊಂದರೆ ಹೆಚ್ಚಾಗಿ ಮನೆಯ ವೈಫೈನಲ್ಲಿರುತ್ತದೆ. ಅದನ್ನು ಸರಿ ಮಾಡಿಕೊಟ್ಟರೆ ಅವರು ಉಳಿಯುತ್ತಾರೆ.

ಫ್ಲೋ ಡೇಟಾ ಮಾತ್ರ ಮಾರಾಟದವರ ಕೈಗೆ ಹೋಗಲಿಲ್ಲ. ಯಾವ ಮನೆ ಯಾವ ತಾಣ ನೋಡಿತು ಅನ್ನುವುದು ಈ ಯಾವ ತೀರ್ಮಾನಕ್ಕೂ ಬೇಕಾಗಿಲ್ಲ. ಎಎಸ್ ಮಟ್ಟದ ಮೊತ್ತ ತೆಗೆದ ಕೂಡಲೇ ಗ್ರಾಹಕರ ಐಪಿ ವಿಳಾಸಗಳನ್ನು ಆ ಕೋಷ್ಟಕದಿಂದ ಅಳಿಸುತ್ತಿದ್ದೆವು. ಮಾರಾಟದವರಿಗೆ ಕಾಣುತ್ತಿದ್ದದ್ದು ವೇಗ ಮತ್ತು ಹೊತ್ತು, ಅಷ್ಟೇ.