ಉಪ್ಪುಗಾಳಿಗೆ ಜಗ್ಗದ ರೇಲಿಂಗ್ ಬಣ್ಣ

ಚೌತಿಗೆ ಎಂಟು ದಿನವಿರುವಾಗ ಕಾರವಾರದ ಯಾವುದೇ ಬಣ್ಣದ ಅಂಗಡಿಗೆ ಹೋಗಿ, ಅರ್ಧ ಊರು ಅಲ್ಲೇ ನಿಂತಿರುತ್ತದೆ. ಗಣಪತಿ ಬರುವಷ್ಟರಲ್ಲಿ ಮಹಡಿಯ ರೇಲಿಂಗ್ ಹೊಳೆಯಬೇಕು. ಹೊರಗೆ ಮಳೆ, ಕಂಬಿಯ ಮೈತುಂಬ ಬೆವರು. ತುಕ್ಕಿನ ಮೇಲೆಯೇ ಎನಾಮಲ್ ಎಳೆದು ಮುಗಿಸುತ್ತಾರೆ. ಶಿವರಾತ್ರಿಯ ಹೊತ್ತಿಗೆ ಬಣ್ಣ ಹಪ್ಪಳದಂತೆ ಉಬ್ಬಿ ಉದುರತೊಡಗುತ್ತದೆ, ಬೈಗುಳ ಕಂಪನಿಗೆ ಹೋಗುತ್ತದೆ. ಈ ಕೆಲಸಕ್ಕೆ ಸರಿಯಾದ ಕಾಲ ದೀಪಾವಳಿಯ ನಂತರದಿಂದ ಫೆಬ್ರುವರಿಯವರೆಗೆ. ಇಬ್ಬನಿ ಪೂರ್ತಿ ಆರಿದ ಮೇಲೆ ಶುರು ಮಾಡಿ, ಮೂರು ಗಂಟೆಗೆ ಕುಂಚ ಕೆಳಗಿಡಿ.

ಮೊದಲು ಕಂಬಿ ಯಾವುದೆಂದು ತಿಳಿದುಕೊಳ್ಳಿ. ಸಾದಾ ಕಬ್ಬಿಣವೋ, ಸತು ಲೇಪಿಸಿದ ಜಿಐ ಪೈಪೋ? ಜಿಐ ಮೇಲೆ ನೇರವಾಗಿ ಎನಾಮಲ್ ಬಳಿದರೆ ಬಣ್ಣದೊಳಗಿನ ಎಣ್ಣೆಯ ಅಂಶ ಸತುವಿನೊಂದಿಗೆ ಸೇರಿ ಸಾಬೂನಿನಂಥ ಪದರವಾಗುತ್ತದೆ. ಆಮೇಲೆ ಬಣ್ಣ ಸಿಪ್ಪೆಯಂತೆ ಸುಲಿದು ಬರುತ್ತದೆ. ಅದಕ್ಕೆ ಎಚ್ (etch) ಪ್ರೈಮರ್, ಅಂದರೆ ಸತುವಿನ ಮೈಯನ್ನು ತುಸು ಕೊರೆದು ಹಿಡಿದುಕೊಳ್ಳುವ ತಳದ ಬಣ್ಣ ಬೇಕು, ಇಲ್ಲವೇ ಡಬ್ಬಿಯ ಮೇಲೆ ಜಿಐಗೆ ಆಗುತ್ತದೆ ಎಂದು ಬರೆದಿರುವ, ಹಾರ್ಡನರ್ ಬೆರೆಸಿ ಬಳಿಯುವ ಎಪಾಕ್ಸಿ ಪ್ರೈಮರ್.

ಇನ್ನು ಬಣ್ಣದ ಆಯ್ಕೆ. ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ, ಪಾಚಿಯದೇ ಚಿಂತೆ. ಅಲ್ಲಿ ಒಳ್ಳೆಯ ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಎರಡು ಕೈ ಎನಾಮಲ್ ಸಾಕು. ಘಟ್ಟ ಇಳಿದು ಸಮುದ್ರದ ಗಾಳಿ ತಾಗುವ ಮನೆಗೆ ಮಾತ್ರ ನನ್ನ ಮಾತು ಒಂದೇ: ಜಿಂಕ್ ಫಾಸ್ಫೇಟ್ ಇರುವ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಬರೀ ಎಪಾಕ್ಸಿ ಬಳಿದು ಬಿಟ್ಟರೆ ಬಿಸಿಲಿಗೆ ಸುಣ್ಣದ ಪುಡಿಯಂತಾಗುತ್ತದೆ. ಹೊಸ ರೇಲಿಂಗ್ ಮಾಡಿಸುವವರು ಕರಗಿದ ಸತುವಿನಲ್ಲಿ ಅದ್ದಿಸಿ ತಂದು ಬಣ್ಣ ಹಚ್ಚುವುದು ಎಲ್ಲಕ್ಕಿಂತ ಮೇಲು. ಪೌಡರ್ ಕೋಟಿಂಗ್ ಅಂದವಾಗಿರುತ್ತದೆ, ಆದರೆ ಜೋಡಿಸುವಾಗ ಮತ್ತೆ ವೆಲ್ಡಿಂಗ್ ಮಾಡಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಒಂದು ಚೂರು ಎದ್ದರೂ ತುಕ್ಕು ಪದರದ ಅಡಿಯಲ್ಲೇ ಹರಿದಾಡುತ್ತದೆ. ಬೆಳ್ಳಿಬಣ್ಣದ ಅಗ್ಗದ ಡಬ್ಬಿಯ ಹತ್ತಿರವೂ ಹೋಗಬೇಡಿ. ನಮ್ಮ ಜಗುಲಿಯ ಕಂಬಿಗೆ ನಾನೇ ಅದನ್ನು ಬಳಿದಿದ್ದೆ, ಒಂದು ಮಳೆಗಾಲವೂ ಬಾಳಲಿಲ್ಲ.

ಎಲ್ಲರೂ ಎಡವುವುದು ಉಜ್ಜುವುದರಲ್ಲಿ. ಕಂಬಿ ನೋಡಿದ ಕೂಡಲೇ ವಾಯರ್ ಬ್ರಷ್ ಹಿಡಿಯಬೇಡಿ, ಮೊದಲು ತೊಳೆಯಿರಿ. ಒಣ ಕಂಬಿಯನ್ನು ಉಜ್ಜಿದರೆ ಮೇಲಿರುವ ಉಪ್ಪು ತುಕ್ಕಿನ ಗುಂಡಿಗಳೊಳಗೆ ಇನ್ನಷ್ಟು ಇಳಿಯುತ್ತದೆ. ಸಿಹಿನೀರು, ಸ್ವಲ್ಪ ಪಾತ್ರೆ ತೊಳೆಯುವ ದ್ರಾವಣ, ತೆಂಗಿನ ನಾರು ಸಾಕು. ಬಾವಿಯ ನೀರು ಸವುಳಾಗಿದ್ದರೆ ಅದು ಬೇಡ, ನಲ್ಲಿಯ ನೀರು ಹಿಡಿಯಿರಿ. ಕೈ ಹೆಚ್ಚು ಓಡಬೇಕಾದದ್ದು ಕಂಬಿಯ ಅಡಿಭಾಗಕ್ಕೆ, ಮಾಡಿನ ಕೆಳಗಿರುವ ಭಾಗಕ್ಕೆ. ಮಳೆಗೆ ನೆನೆಯುವ ಕಡೆ ಉಪ್ಪನ್ನು ಮಳೆಯೇ ತೊಳೆಯುತ್ತದೆ, ಮರೆಯಲ್ಲಿರುವ ಕಡೆ ಅದು ವರ್ಷವಿಡೀ ಕೂತಿರುತ್ತದೆ. ಜಗುಲಿಯ ಒಳಗಿನ ಗ್ರಿಲ್ ಪಾಗಾರದ ಗೇಟಿಗಿಂತ ಮೊದಲೇ ಹಾಳಾದರೆ ಆಶ್ಚರ್ಯಪಡಬೇಕಿಲ್ಲ.

ಆರಿದ ಮೇಲೆ ಸಡಿಲವಾದದ್ದನ್ನೆಲ್ಲ ಕೆರೆದು, ವಾಯರ್ ಬ್ರಷ್ ಹಾಕಿ, 80ರ ಎಮರಿ ಕಾಗದದಿಂದ ಉಜ್ಜಿ 120ರಿಂದ ಮುಗಿಸಿ. ಗಟ್ಟಿಯಾಗಿ ಉಳಿದ ಹಳೆಯ ಬಣ್ಣದ ಅಂಚನ್ನು ಬೆರಳಿಗೆ ಮೆಟ್ಟಿಲು ಸಿಗದಷ್ಟು ಇಳಿಜಾರು ಮಾಡಿ. ವೆಲ್ಡಿಂಗ್ ಗುಳ್ಳೆಗಳನ್ನು ಗ್ರೈಂಡರ್‌ನಿಂದ ತೆಗೆಸಿ. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವಿದ್ದರೆ ನೀರು ಹಾಕಿಯೇ ಉಜ್ಜಿ, ಮಾಸ್ಕ್ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಆಮೇಲೆ ಮತ್ತೊಮ್ಮೆ ತೊಳೆಯಿರಿ. ಇದನ್ನು ಹೇಳಿದರೆ ಪೇಂಟರ್‌ಗಳು ನಗುತ್ತಾರೆ, ಉಜ್ಜಿದ ಕಬ್ಬಿಣಕ್ಕೆ ಯಾರಾದರೂ ನೀರು ಹಾಕುತ್ತಾರೆಯೇ ಎಂದು. ಹಾಕಬೇಕು, ಬಟ್ಟೆಯಲ್ಲಿ ಕೂಡಲೇ ಒರೆಸಿ ಬಿಸಿಲಿಗೆ ಆರಿಸಬೇಕು. ಉಜ್ಜಿ ಬಿಟ್ಟ ಕಂಬಿಯಲ್ಲಿ ಗುಂಡಿ ಇರುವ ಕಡೆ ಮಾತ್ರ ಒದ್ದೆ ಕಪ್ಪು ಚುಕ್ಕೆಗಳು ಏಳುತ್ತಿದ್ದರೆ ಉಪ್ಪು ಇನ್ನೂ ಒಳಗಿದೆ ಎಂದರ್ಥ, ತೊಳೆಯುವುದನ್ನು ಮತ್ತೆ ಮಾಡಿ. ತುಕ್ಕನ್ನು ಕಪ್ಪಾಗಿಸುವ ಕನ್ವರ್ಟರ್ ಉಪ್ಪನ್ನು ತೆಗೆಯುವುದಿಲ್ಲ. ಆರಿದ ದಿನವೇ ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಕೆಂಪಾಗಿರುತ್ತದೆ.

ಹಳೆಯ ಎನಾಮಲ್ ಉಳಿಸಿಕೊಂಡಿದ್ದರೆ ಎಪಾಕ್ಸಿ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಒತ್ತಿಡಿ. ಬಣ್ಣ ಸುಕ್ಕಾದರೆ ಎಪಾಕ್ಸಿ ಅದರ ಮೇಲೆ ನಿಲ್ಲುವುದಿಲ್ಲ, ಪೂರ್ತಿ ಕಿತ್ತುಹಾಕಬೇಕು, ಇಲ್ಲವೇ ಎನಾಮಲ್‌ನಲ್ಲೇ ತೃಪ್ತಿಪಡಬೇಕು.

ಎಪಾಕ್ಸಿಯಾಗಲಿ ಪಿಯು ಆಗಲಿ, ಬಣ್ಣ ಮತ್ತು ಅದನ್ನು ಗಟ್ಟಿಯಾಗಿಸುವ ಹಾರ್ಡನರ್ ಅನ್ನು ಡಬ್ಬಿಯಲ್ಲಿ ಬರೆದ ಅಳತೆಗೆ ಬೆರೆಸಿ, ಕಣ್ಣಳತೆಗೆ ಅಲ್ಲ. ಒಂದು ತಾಸಿಗೆ ಸಾಕಾಗುವಷ್ಟೇ ಕಲಸಿ, ಉಳಿದರೆ ಡಬ್ಬಿಯಲ್ಲೇ ಕಲ್ಲಾಗುತ್ತದೆ. ತೆಳು ಮಾಡಲು ಸೀಮೆಎಣ್ಣೆ ಸುರಿಯುವವನನ್ನು ಅಂಗಳದಿಂದಲೇ ಕಳಿಸಿಬಿಡಿ. ಚೂಪು ಅಂಚಿನಲ್ಲಿ ಬಣ್ಣ ತಾನಾಗಿ ಹಿಂದೆ ಸರಿದು ತೆಳುವಾಗುತ್ತದೆ. ಆದ್ದರಿಂದ ಅಂಚು, ಬೆಸುಗೆ, ಬೋಲ್ಟುಗಳಿಗೆ ಸಣ್ಣ ಕುಂಚದಲ್ಲಿ ಮೊದಲೊಂದು ಕೈ ಪ್ರೈಮರ್, ಆಮೇಲೆ ಇಡೀ ಕಂಬಿಗೆ ಎರಡು ಕೈ. ಮೇಲೆ ಪಿಯು, ಎರಡು ಕೈ. ಪಿಯುವನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ, ಅದರ ಹಾರ್ಡನರ್‌ನ ಮಂಜು ಶ್ವಾಸಕೋಶಕ್ಕೆ ಕೆಟ್ಟದ್ದು.

ಕಂಬಿಯ ಬುಡ ಸಿಮೆಂಟಿಗೆ ಇಳಿಯುವ ಜಾಗದಲ್ಲಿ ನೀರು ನಿಲ್ಲದಂತೆ ಸಣ್ಣ ಇಳಿಜಾರು ಕೊಟ್ಟು, ಸುತ್ತ ಪಿಯು ಸೀಲಂಟ್ ತುಂಬಿ. ಮಳೆ ನಿಂತ ಮೇಲೆ ತಿಂಗಳಿಗೊಮ್ಮೆ, ಗಿಡಗಳಿಗೆ ನೀರು ಬಿಡುವಾಗ, ಪೈಪನ್ನು ಎರಡು ನಿಮಿಷ ಕಂಬಿಯ ಅಡಿಭಾಗದ ಕಡೆಗೂ ತಿರುಗಿಸಿ.