ಜಾರಿದ ಚಾವಣಿ, ಅಮ್ಮನ ಪಾಕ

ಜರ್ಮನಿಯ ನ್ಯೂರೆಂಬರ್ಗಿಗೆ ಬಂದ ಮೇಲೆ ಡಿಸೆಂಬರ್ ರಜೆಯಲ್ಲಿ ಮಕ್ಕಳೊಂದಿಗೆ ಮಸಾಲೆ ಬಿಸ್ಕತ್ತಿನ ಹಲಗೆಗಳಿಂದ ಜಿಂಜರ್‌ಬ್ರೆಡ್ ಮನೆ ಕಟ್ಟುವುದು ನಮಗೂ ರೂಢಿಯಾಗಿದೆ. ಇಲ್ಲಿಯವರು ಅದನ್ನು ಹೆಕ್ಸೆನ್‌ಹೌಸ್, ಅಂದರೆ ಮಾಟಗಾತಿಯ ಮನೆ ಎನ್ನುತ್ತಾರೆ. ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಕಾಡಿನಲ್ಲಿ ದಾರಿ ತಪ್ಪಿದ ಅಣ್ಣತಂಗಿಯರಿಗೆ ಕಾಣಿಸುವ, ಸಕ್ಕರೆಯ ಕಿಟಕಿಗಳಿದ್ದ ಮನೆಯೇ ಈ ಹೆಸರಿನ ಮೂಲ. ಇಂಗ್ಲಿಷ್ ಹೆಸರಿನಲ್ಲಿ ಶುಂಠಿಯಿದ್ದರೂ ಇಲ್ಲಿಯ ಲೇಬ್‌ಕೂಖನ್ ಎಂಬ ಜಿಂಜರ್‌ಬ್ರೆಡ್ಡಿನ ಮಸಾಲೆಯಲ್ಲಿ ಚಕ್ಕೆಯದೇ ಮೇಲುಗೈ. ಜೊತೆಗೆ ಲವಂಗ, ಏಲಕ್ಕಿ, ಜಾಯಿಕಾಯಿ, ಕೊತ್ತಂಬರಿ ಬೀಜ. ನಾನಂತೂ ಒಂದು ಚಮಚ ಒಣಶುಂಠಿ ಪುಡಿಯನ್ನು ಬೆರೆಸದೆ ಬಿಡುವುದಿಲ್ಲ.

ಅಮ್ಮ ತುಮಕೂರಿನಿಂದ ಬಂದಿದ್ದ ವರ್ಷ ಮೊಟ್ಟೆಯನ್ನು ಕೈಬಿಡಬೇಕಾಯಿತು. 150 ಗ್ರಾಂ ಜೇನುತುಪ್ಪ, 100 ಗ್ರಾಂ ಬೆಲ್ಲ, 100 ಗ್ರಾಂ ಬೆಣ್ಣೆಯನ್ನು ಒಟ್ಟಿಗೆ ಕರಗಿಸಿ ಆರಿಸಿ, ಸುಮಾರು 500 ಗ್ರಾಂ ಮೈದಾ ಮತ್ತು ಮಸಾಲೆಯೊಂದಿಗೆ ಕಲಸಿ, ರಾತ್ರಿಯಿಡೀ ಮುಚ್ಚಿಟ್ಟೆ. ಸೋಡಾ ಹಾಕಲಿಲ್ಲ, ಏಕೆಂದರೆ ಉಬ್ಬಿದ ಗೋಡೆಗಳ ಅಂಚು ಒಂದಕ್ಕೊಂದು ಕೂಡುವುದಿಲ್ಲ. ಮರುದಿನ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ರಟ್ಟಿನ ಅಚ್ಚುಗಳನ್ನಿಟ್ಟು ಕತ್ತರಿಸಿ, 180 ಡಿಗ್ರಿಯಲ್ಲಿ ಹದಿನಾಲ್ಕು ನಿಮಿಷ ಬೇಯಿಸಿದೆವು. ಕೊನೆಯ ನಾಲ್ಕು ನಿಮಿಷ ಇರುವಾಗ ಮಗಳು ಕಿಟಕಿಯ ತೂತುಗಳಿಗೆ ಗಟ್ಟಿ ಕ್ಯಾಂಡಿಯ ಪುಡಿ ತುಂಬಿದಳು. ಅದು ಕರಗಿ ಬಣ್ಣದ ಗಾಜಾಯಿತು. ಒಲೆಯಿಂದ ತೆಗೆದ ಕೂಡಲೇ, ಬಿಸಿಯಿರುವಾಗಲೇ, ಅಚ್ಚನ್ನು ಮತ್ತೆ ಮೇಲಿಟ್ಟು ಅಂಚುಗಳನ್ನು ಸವರಬೇಕು. ತಣ್ಣಗಾದ ಮೇಲೆ ಚಾಕು ಹಾಕಿದರೆ ಗೋಡೆ ಬಿರಿಯುತ್ತದೆ.

ತಪ್ಪಿದ್ದು ಅಂಟಿನಲ್ಲಿ. ಇಲ್ಲಿ ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಕಡೆದು ಅಂಟಿಸುವುದು ವಾಡಿಕೆ. ಅದರ ಬದಲು ನಾನು ಸಕ್ಕರೆ ಪುಡಿಗೆ ನಿಂಬೆರಸ ಬೆರೆಸಿದೆ. ಗೋಡೆಗಳು ಹೇಗೋ ನಿಂತವು. ಆದರೆ ಚಾವಣಿಯ ಎರಡು ಹಲಗೆಗಳು ಕಣ್ಣೆದುರಿನಲ್ಲೇ, ಅವಸರವಿಲ್ಲದೆ, ಜಾರುತ್ತ ಜಾರುತ್ತ ಮೇಜಿಗಿಳಿದವು. ಮಗ ಅಳಲು ಶುರುಮಾಡಿದ. ಅಮ್ಮ ಆ ಅಂಟನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ನೀರು ಕಣೋ, ಪಾಕ ಮಾಡು," ಎಂದರು.

ಒಲೆಯ ಮುಂದೆ ಅವರೇ ನಿಂತರು. ಒಂದು ಲೋಟ ಸಕ್ಕರೆಗೆ ಸ್ವಲ್ಪವೇ ನೀರು ಹಾಕಿ ಕಾಯಿಸುತ್ತ, ಎಳೆಪಾಕ ದಾಟಿದ ಮೇಲೆ ಆಗಾಗ ಒಂದೊಂದು ಹನಿಯನ್ನು ಬಟ್ಟಲ ನೀರಿಗೆ ಬಿಟ್ಟು ನೋಡುತ್ತಿದ್ದರು. ಕಡಲೆಬೀಜದ ಚಿಕ್ಕಿಗೆ ನೋಡುವಂತೆಯೇ, ಆ ಹನಿಯನ್ನು ತಟ್ಟೆಗೆ ಬಡಿದಾಗ ಟಣ್ ಎನ್ನಬೇಕಂತೆ. ಟಣ್ ಎಂದಮೇಲೂ ಹೊಂಬಣ್ಣ ಬರುವವರೆಗೆ ಬಿಟ್ಟರು. ಮಕ್ಕಳನ್ನು ಅಡುಗೆಮನೆಯಿಂದ ಆಚೆ ಕಳುಹಿಸಿ, ಹಲಗೆಯ ಅಂಚನ್ನು ಪಾಕದಲ್ಲಿ ಅದ್ದಿ ಗೋಡೆಗೆ ಒತ್ತಿ ಹಿಡಿದೆ. ಹತ್ತು ಎಣಿಸುವಷ್ಟರಲ್ಲಿ ಕಚ್ಚಿಕೊಂಡಿತು. ಈ ಪಾಕ ಚರ್ಮಕ್ಕೆ ತಗುಲಿದರೆ ಕುದಿಯುವ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ, ಆದ್ದರಿಂದ ಈ ಹಂತ ದೊಡ್ಡವರದೇ. ನಿಂಬೆರಸದ ಅಂಟು ವ್ಯರ್ಥವಾಗಲಿಲ್ಲ. ಮಕ್ಕಳು ಅದನ್ನೇ ಹಿಮವಾಗಿ ಚಾವಣಿಗೆ ಬಳಿದರು.

ಅಡುಗೆಮನೆಯಲ್ಲಿಟ್ಟ ಮನೆ ಮರುದಿನ ಕುಕ್ಕರಿನ ಹಬೆಗೆ ಮೆತ್ತಗಾಗಿ ಒಂದು ಬದಿಗೆ ವಾಲತೊಡಗಿತು. ಅದನ್ನು ನಡುಮನೆಯ ಹೀಟರಿನ ಬಳಿ ಒಣಗಾಳಿಗೆ ಸ್ಥಳಾಂತರಿಸಿದ ಮೇಲೆ ಜನವರಿ 6ರವರೆಗೂ ಅಲುಗಲಿಲ್ಲ. ಅಂದು ಇಲ್ಲಿ ರಜೆ. ಮಗ ಲಟ್ಟಣಿಗೆ ಎತ್ತಿ ಚಾವಣಿ ಒಡೆದ. ಅಮ್ಮ ಅಂಚಿನಲ್ಲಿ ಹೆಪ್ಪುಗಟ್ಟಿದ್ದ ಪಾಕದ ತುಣುಕನ್ನಷ್ಟೇ ಆರಿಸಿ ಬಾಯಿಗೆ ಹಾಕಿಕೊಂಡರು.