ಥೀಮ್ ಪಾರ್ಕಿಗೆ ಹೋಗೋ ಮುಂಚೆ ಇದನ್ನು ಓದಿ: ಕೊಟ್ಟ ದುಡ್ಡಿಗೆ ತಕ್ಕ ದಿನ ಸಿಗಬೇಕಂದ್ರೆ ಏನು ಮಾಡಬೇಕು

ಬೇಸಿಗೆ ರಜೆ ಶುರುವಾದರೆ ಬೆಳಗಾವಿಯಲ್ಲಿ ಮನೆಮನೆಯಲ್ಲೂ ಒಂದೇ ಹಟ. ಮಕ್ಕಳಿಗೆ ವಾಟರ್ ಪಾರ್ಕು ಬೇಕು, ರೋಲರ್ ಕೋಸ್ಟರ್ ಬೇಕು. ಕ್ರೂಸರ್ ಬಾಡಿಗೆ ಹಿಡಿದು ಅಕ್ಕನ ಮಕ್ಕಳು, ಕಾಕಾನ ಮಕ್ಕಳು ಎಲ್ಲರನ್ನೂ ತುಂಬಿಕೊಂಡು ರಾತ್ರಿಯೇ ಹೊರಡುವವರು ನಾವು. ಪುಣೆ-ಮುಂಬೈ ನಡುವಿನ ಖೋಪೋಲಿಯ ಪಾರ್ಕಿನ ಕಡೆ ಹೋದರೆ ಸುಮಾರು 400 ಕಿಲೋಮೀಟರ್, ಬೆಂಗಳೂರಿನ ಹತ್ತಿರದ ಬಿಡದಿ ಪಾರ್ಕಿನ ಕಡೆ ಹೋದರೆ 500 ದಾಟುತ್ತದೆ. ಅಷ್ಟು ದೂರ ಹೋದ ಮೇಲೆ ಗೇಟಿನಲ್ಲಿ ಹೋದ ವರ್ಷಕ್ಕಿಂತ ಜಾಸ್ತಿ ದರ, ಒಳಗೆ ಹೋದರೆ ಅರ್ಧ ಆಟಕ್ಕೆ ಹಗ್ಗ ಕಟ್ಟಿ 'ದುರಸ್ತಿಯಲ್ಲಿದೆ' ಅನ್ನೋ ಬೋರ್ಡು. ಮಕ್ಕಳ ಮುಖ ನೋಡೋಕೆ ಆಗಲ್ಲ.

ದರ ಏರೋದನ್ನು ನಾವು ನಿಲ್ಲಿಸೋಕೆ ಆಗಲ್ಲ, ನಿಜ. ಆದರೆ ಅವತ್ತು ಎಷ್ಟು ಆಟ ನಡೆಯುತ್ತಿವೆ ಅಂತ ತಿಳಿಯದೆ ದುಡ್ಡು ಕೊಡೋದನ್ನು ನಿಲ್ಲಿಸಬಹುದು. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ.

ಮೊದಲು ದರದ ಲೆಕ್ಕ

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ದರ ಬಹಳ ಸಲ ತೆರಿಗೆ ಬಿಟ್ಟು ಇರುತ್ತದೆ. ಅಮ್ಯೂಸ್‌ಮೆಂಟ್ ಪಾರ್ಕಿನ ಪ್ರವೇಶಕ್ಕೆ 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ತೆರಿಗೆ 28% ಇತ್ತು. 2018ರ ಜನವರಿಯಲ್ಲಿ ಅದನ್ನು 18%ಕ್ಕೆ ಇಳಿಸಿದರು. ಟಿಕೆಟ್ 1,500 ರೂಪಾಯಿ ಅಂತ ಇಟ್ಟುಕೊಳ್ಳಿ. ತೆರಿಗೆ ಸೇರಿ ಅದು 1,770 ಆಗುತ್ತದೆ. ಆರು ಜನರ ಮನೆಗೆ ತೆರಿಗೆಯೊಂದೇ 1,620 ರೂಪಾಯಿ. ಹಾಗಾಗಿ ದರ ಹೋಲಿಸುವಾಗ ದುಡ್ಡು ಕಟ್ಟುವ ಕೊನೆಯ ಪುಟದಲ್ಲಿ ಬರುವ ಮೊತ್ತವನ್ನೇ ಹೋಲಿಸಿ.

ಅದರ ಮೇಲೆ ಲಾಕರ್ ಬಾಡಿಗೆ, ಅದರ ಡಿಪಾಸಿಟ್, ಪಾರ್ಕಿಂಗ್. ನೀರಿಗಿಳಿಯೋಕೆ ನೈಲಾನ್ ಬಟ್ಟೆಯೇ ಆಗಬೇಕು ಅಂತಾರೆ, ಹತ್ತಿ ಬಟ್ಟೆ ನಡೆಯಲ್ಲ. ಅಲ್ಲಿ ಬಾಡಿಗೆಗೆ ತಗೊಳ್ಳುವ ಬದಲು ಬೆಳಗಾವಿಯ ಗಣಪತಿ ಗಲ್ಲಿಯಲ್ಲೋ ಖಡೇಬಜಾರದಲ್ಲೋ ಒಂದು ಸಲ ಕೊಂಡುಬಿಡಿ, ಎರಡು ಮೂರು ಬೇಸಿಗೆ ಬರುತ್ತದೆ. ಪರರು ಹಾಕಿಕೊಂಡ ಒದ್ದೆ ಬಟ್ಟೆಯ ಕಿರಿಕಿರಿಯೂ ಇಲ್ಲ.

ಆನ್‌ಲೈನ್ ಬುಕ್ ಮಾಡುವಾಗ ನಿಧಾನ ಮಾಡಿ. ಊಟದ ಕೂಪನ್, ವಿಮೆ, ಫೋಟೊ ಪ್ಯಾಕೇಜ್ ಇವಕ್ಕೆಲ್ಲ ಮೊದಲೇ ಟಿಕ್ ಹಾಕಿಟ್ಟಿರುವ ಕಡೆಗಳಿವೆ. ಕೇಳದೇ ಹೀಗೆ ಸೇರಿಸೋದು, ಕೊನೆಯ ಪುಟದಲ್ಲಿ ಮಾತ್ರ ಹೊಸ ಶುಲ್ಕ ತೋರಿಸೋದು, 'ಇನ್ನು ಎರಡೇ ಟಿಕೆಟ್ ಉಳಿದಿವೆ' ಅಂತ ಸುಳ್ಳೇ ಅವಸರ ಮಾಡೋದು, ಇವನ್ನೆಲ್ಲ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಕಂಡರೆ ಸ್ಕ್ರೀನ್‌ಶಾಟ್ ತೆಗೆದಿಡಿ.

ಈಗ 'ಫಾಸ್ಟ್ ಟ್ರ್ಯಾಕ್' ಟಿಕೆಟಿನ ಮಾತು. ನನಗೆ ತುಂಬಾ ಬೇಸರ ತರಿಸುವ ಸಂಗತಿ ಇದು. ಜಾಸ್ತಿ ಕೊಟ್ಟವರಿಗೆ ಬೇರೆ ಸಾಲು. ಆಟದಲ್ಲಿ ಇರುವ ಸೀಟು ಅಷ್ಟೇ, ಅವರು ಮುಂದೆ ಹೋದಷ್ಟೂ ಸಾದಾ ಟಿಕೆಟಿನವರು ಬಿಸಿಲಲ್ಲಿ ನಿಂತೇ ಇರಬೇಕು. ಅಂದರೆ ದರ ಏರದಿದ್ದರೂ ಅದೇ ದುಡ್ಡಿಗೆ ಸಿಗುವ ಆಟ ಕಡಿಮೆಯಾಯಿತು, ಅಲ್ವಾ? 1,770 ಕೊಟ್ಟು ಹನ್ನೆರಡು ಆಟ ಆಡಿದರೆ ಒಂದಕ್ಕೆ 150 ರೂಪಾಯಿ ಒಳಗೇ ಬಿತ್ತು. ಆರೇ ಆಟ ಆಡಿ ಬಂದರೆ ಒಂದಕ್ಕೆ 295. ಪಾರ್ಕು ದುಬಾರಿಯೋ ಅಗ್ಗವೋ ಅನ್ನೋದನ್ನು ಈ ಲೆಕ್ಕದಲ್ಲೇ ನೋಡಬೇಕು. ಜನ ಕಡಿಮೆ ಇರುವ ದಿನ ಹೋದರೆ ಫಾಸ್ಟ್ ಟ್ರ್ಯಾಕ್ ಬೇಕಾಗೋದೇ ಇಲ್ಲ.

ಯಾವ ದಿನ ಹೋಗಬೇಕು

ಬಹುತೇಕ ದೊಡ್ಡ ಪಾರ್ಕುಗಳಲ್ಲಿ ಈಗ ದಿನಕ್ಕೊಂದು ದರ. ಶನಿವಾರ, ಭಾನುವಾರ, ಹಬ್ಬದ ರಜೆ, ಮೇ ತಿಂಗಳು ಇವೆಲ್ಲ ಜಾಸ್ತಿ. ದರವೂ ಜಾಸ್ತಿ, ಗದ್ದಲವೂ ಜಾಸ್ತಿ, ಅಂದರೆ ಎರಡು ಕಡೆಯಿಂದಲೂ ನಷ್ಟ.

ಗಡಿಯಲ್ಲಿರುವ ನಮಗೆ ಒಂದು ಅನುಕೂಲ ಇದೆ, ಬಹಳ ಜನ ಅದನ್ನು ಬಳಸೋದೇ ಇಲ್ಲ. ನಮ್ಮ ಶಾಲೆಗಳಿಗೆ ದಸರೆಗೆ ದೊಡ್ಡ ರಜೆ, ಮಹಾರಾಷ್ಟ್ರದ ಶಾಲೆಗಳಿಗೆ ದೀಪಾವಳಿಗೆ ದೊಡ್ಡ ರಜೆ. ನಮ್ಮ ಮಕ್ಕಳಿಗೆ ದಸರೆ ರಜೆ ಇರುವಾಗ ಅಲ್ಲಿನ ಮಕ್ಕಳು ಶಾಲೆಯಲ್ಲಿರುತ್ತಾರೆ. ಆಗ ಹಬ್ಬದ ದಿನ ಬಿಟ್ಟು ಮಂಗಳವಾರವೋ ಬುಧವಾರವೋ ಪುಣೆ, ಮುಂಬೈ ಕಡೆ ಹೋಗಿ. ಬೆಂಗಳೂರಿನ ಕಡೆ ಮಾತ್ರ ಆ ರಜೆಯಲ್ಲಿ ಬೇಡ, ಅಲ್ಲಿಯೂ ಅದೇ ರಜೆ. ವಿಜಯಪುರದವರು ಹೈದರಾಬಾದ್ ಹತ್ತಿರ ಅಂತ ಆ ಕಡೆ ಹೋಗುತ್ತಾರೆ, ಆದರೆ ತೆಲಂಗಾಣದಲ್ಲೂ ದಸರೆಗೇ ದೊಡ್ಡ ರಜೆ, ಅದನ್ನು ನೆನಪಿಡಿ.

ಹೊರಡುವ ಹಿಂದಿನ ದಿನ ಫೋನ್ ಮಾಡಿ

ಇದನ್ನು ಯಾರೂ ಮಾಡಲ್ಲ. ಮಾಡಲೇಬೇಕಾದ ಕೆಲಸ ಇದು. "ನಾಳೆ ಪಾರ್ಕು ತೆರೆದಿರುತ್ತದೆಯೇ" ಅಂತ ಕೇಳಿದರೆ ಹೌದು ಅಂತಲೇ ಹೇಳುತ್ತಾರೆ. ಬಿಡಿಸಿ ಕೇಳಿ. "ಅಕ್ಕಾರ, ನಾಳೆ ಯಾವ್ಯಾವ ರೈಡ್ ಬಂದ್ ಇರ್ತಾವ್ರಿ? ನೀರಿನ ಆಟ ಎಷ್ಟಕ್ಕ ಚಾಲೂ, ಎಷ್ಟಕ್ಕ ಬಂದ್? ವೇವ್ ಪೂಲ್ ದಿನಾಪೂರ್ತಿ ಇರ್ತದೋ, ಗಂಟೆ ಹೇಳಿ ಬಿಡ್ತೀರೋ?" ಕೊನೆಯ ಎರಡು ಪ್ರಶ್ನೆ ಮುಖ್ಯ. ಅನೇಕ ಕಡೆ ನೀರಿನ ಆಟ ಶುರುವಾಗೋದೇ ಮಧ್ಯಾಹ್ನದ ಹೊತ್ತಿಗೆ, ಸಂಜೆ ಪಾರ್ಕು ಮುಚ್ಚುವ ಮುಂಚೆಯೇ ನಿಲ್ಲಿಸುತ್ತಾರೆ. ಟಿಕೆಟ್ ಮಾತ್ರ ಪೂರಾ ದಿನದ್ದು.

ಫೋನಿನಲ್ಲಿ ಹೇಳಿದ್ದನ್ನು ಅವರ ಇಮೇಲ್‌ಗೋ ವಾಟ್ಸಾಪ್‌ಗೋ ಒಂದು ಸಾಲು ಬರೆದು ಕಳಿಸಿ, ಉತ್ತರ ಬಂದರೆ ಇಟ್ಟುಕೊಳ್ಳಿ. ಪಾರ್ಕಿನ ವೆಬ್‌ಸೈಟಿನಲ್ಲಿರುವ ಆಟಗಳ ಪಟ್ಟಿಯನ್ನೂ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮುಂದೆ ದೂರು ಕೊಡಬೇಕಾಗಿ ಬಂದರೆ ಇದೇ ಆಧಾರ.

ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆಯಿರಿ. ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ, ಚಪ್ಪಲಿ ಬಿಡಿಸಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆದರಾಯಿತು. ದೊಡ್ಡ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ ಬಹುಮಟ್ಟಿಗೆ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಎಂಟು ವರ್ಷದ ಹುಡುಗ ಎತ್ತರ ಇದ್ದರೆ ದೊಡ್ಡವರ ದರ ಕೇಳುತ್ತಾರೆ. ಕುಳ್ಳಗಿದ್ದರೆ ದುಡ್ಡು ಉಳಿಯುತ್ತದೆ, ಆದರೆ ಅವನು ಆಸೆಪಟ್ಟ ಸ್ಲೈಡಿಗೆ ಬಿಡೋದಿಲ್ಲ. ಮೊದಲೇ ಗೊತ್ತಿದ್ದರೆ ಅವನಿಗೂ ಹೇಳಿ ಒಪ್ಪಿಸಬಹುದು. ಕಾಲೇಜಿಗೆ ಹೋಗುವವರಿದ್ದರೆ ಗುರುತಿನ ಚೀಟಿ ಮರೆಯಬೇಡಿ, ಅನೇಕ ಕಡೆ ರಿಯಾಯಿತಿ ಇದೆ.

ಒಳಗೆ ಹೋದ ಮೇಲೆ

ಟಿಕೆಟ್ ತಗೊಳ್ಳುವ ಮುಂಚೆ ಕೌಂಟರಿನಲ್ಲಿ ಮತ್ತೊಮ್ಮೆ ಕೇಳಿ, ಇವತ್ತು ಏನೇನು ಬಂದ್ ಅಂತ. ಬೋರ್ಡು ಹಾಕಿದ್ದರೆ ಫೋಟೊ ತೆಗೆಯಿರಿ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಗೇಟಿನ ಹತ್ತಿರದ ಆಟಕ್ಕೇ ಓಡುತ್ತಾರೆ. ನೀವು ತೀರಾ ಹಿಂದಿನ ಮೂಲೆಯಿಂದ ಶುರು ಮಾಡಿ, ದೊಡ್ಡ ಕೋಸ್ಟರನ್ನು ಮೊದಲ ಗಂಟೆಯಲ್ಲೇ ಮುಗಿಸಿ.

ನೀರಿಗೆ ಇಳಿಯುವ ಮುಂಚೆ ದಡದಲ್ಲಿ ಒಂದು ನಿಮಿಷ ನಿಲ್ಲಿ. ತಳದ ಟೈಲ್ಸಿನ ಗೆರೆ, ನೀರು ಹೋಗುವ ಜಾಲರಿ ಸ್ಪಷ್ಟ ಕಾಣಬೇಕು. ಕಾಣದಷ್ಟು ಮಸುಕಾಗಿದ್ದರೆ ಮಗು ಮುಳುಗಿದರೂ ಜೀವರಕ್ಷಕನಿಗೆ ಕಾಣಲ್ಲ, ಅಷ್ಟು ಗಂಭೀರ ವಿಷಯ ಇದು. ಕೈಯಿಂದ ಅಂಚು ಸವರಿ ನೋಡಿ, ಲೋಳೆಲೋಳೆ ಆಗಿದ್ದರೆ ಸರಿಯಾಗಿ ತಿಕ್ಕಿ ತೊಳೆದಿಲ್ಲ. ಇನ್ನು ವಾಸನೆ. ಮೂಗಿಗೆ ಬಡಿಯುವ ಘಾಟು ಬಂದರೆ 'ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ನೀರು ಸ್ವಚ್ಛ ಇದೆ' ಅಂತ ನಮ್ಮ ಜನ ಸಮಾಧಾನ ಪಡುತ್ತಾರೆ. ನಿಜ ಉಲ್ಟಾ. ಜನರ ಬೆವರು, ಮೂತ್ರ, ಮೈಗೆ ಹಚ್ಚಿದ ಕ್ರೀಮು ಇವು ಕ್ಲೋರಿನ್ ಜೊತೆ ಸೇರಿ ಕ್ಲೋರಮಿನ್ ಅನ್ನೋ ಬೇರೆಯದೇ ವಸ್ತು ಆಗುತ್ತದೆ. ಆ ಘಾಟು ಅದರದ್ದು. ಕಣ್ಣು ಕೆಂಪಾಗೋದು, ಕೆಮ್ಮು ಬರೋದು ಅದರಿಂದಲೇ. ಸರಿಯಾಗಿ ನೋಡಿಕೊಂಡ ಕೊಳದಲ್ಲಿ ಘಾಟು ಅಷ್ಟಾಗಿ ಇರೋದೇ ಇಲ್ಲ. ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅಂತ ತೋರಿಸುವ ಪಿಎಚ್ ಅಳತೆ 7.2ರಿಂದ 7.8ರೊಳಗೆ, ಕ್ಲೋರಿನ್ ಕನಿಷ್ಠ 1 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಒಂದು ಭಾಗ) ಇರಬೇಕು. ಅದ್ದಿದರೆ ಬಣ್ಣ ಬದಲಾಗುವ ಕಾಗದದ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ, ಚಿಕ್ಕ ಮಕ್ಕಳಿದ್ದರೆ ಒಂದು ಡಬ್ಬಿ ತರಿಸಿ ಇಟ್ಟುಕೊಳ್ಳಿ.

ಎತ್ತರದ ಆಟಗಳಲ್ಲಿ ನೋಡಬೇಕಾದ್ದು ಆಪರೇಟರನ ಕೈ. ಒಳ್ಳೆಯ ಆಪರೇಟರ್ ಪ್ರತಿ ಸೀಟಿನ ಹತ್ತಿರ ಬಂದು, ತೊಡೆಯ ಮೇಲಿನ ಬಾರನ್ನು ಒಂದು ಸಲ ಕೆಳಗೆ ಒತ್ತಿ, ಒಂದು ಸಲ ಮೇಲಕ್ಕೆ ಎಳೆದು ನೋಡುತ್ತಾನೆ. ದೂರದಲ್ಲೇ ನಿಂತು ಸೀಟಿ ಊದಿ ಗುಂಡಿ ಒತ್ತೋದು ಕಂಡರೆ ಆ ಆಟ ಹತ್ತಲೇಬೇಡಿ. ಹೋದ ಬೇಸಿಗೆಯಲ್ಲಿ ನಾವು ಹೋದ ಒಂದು ಪಾರ್ಕಿನಲ್ಲಿ ಸ್ಲೈಡಿನ ಕೆಳಗಿನ ರಬ್ಬರ್ ಮ್ಯಾಟು ಹರಿದಿತ್ತು, ಅದನ್ನು ಸುತಲಿಯಿಂದ ಕಟ್ಟಿದ್ದರು, ಕಟ್ಟಿದ ಗಂಟಿಗೇ ಅಕ್ಕನ ಮಗಳ ಕಾಲು ಸಿಕ್ಕಿತು. ಅಲ್ಲಿ ನಿಂತಿದ್ದ ಹುಡುಗನನ್ನು ಕೇಳಿದರೆ ಕೆಲಸಕ್ಕೆ ಸೇರಿ ವಾರ ಆಗಿದೆ ಅಂದ. ಸೀಸನ್ನಿಗೆ ಅಂತ ಹೊಸಬರನ್ನು ತಗೊಂಡು ಕಲಿಸದೇ ನಿಲ್ಲಿಸಿದರೆ ಹೀಗೇ ಆಗೋದು. ಆ ಹುಡುಗನ ಮೇಲೆ ಸಿಟ್ಟು ಮಾಡಬೇಡಿ, ಮ್ಯಾನೇಜರನ್ನು ಕರೆಸಿ.

ಊಟ, ನೀರು

ಹೊರಗಿನ ತಿಂಡಿ ಒಳಗೆ ಬಿಡಲ್ಲ. ಆದ್ದರಿಂದ ಬೆಳಿಗ್ಗೆ ಒಳಹೋಗುವ ಮುಂಚೆ ಗಾಡಿಯಲ್ಲೇ ಹೊಟ್ಟೆ ತುಂಬಾ ತಿನ್ನಿ. ರೊಟ್ಟಿ, ಶೇಂಗಾ ಚಟ್ನಿ, ಜುಣಕದ ವಡಿ ಕಟ್ಟಿಕೊಂಡು ಹೋದರೆ ಒಂದು ದಿನ ಕೆಡಲ್ಲ. ಕೈಗೆ ಮುದ್ರೆ ಹಾಕಿ ಹೊರಗೆ ಹೋಗಿ ಬರೋಕೆ ಬಿಡುತ್ತಾರಾ ಅಂತ ಗೇಟಿನಲ್ಲೇ ಕೇಳಿ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಅಂತಲೂ ಕೇಳಿ, ಖಾಲಿ ಬಾಟಲಿ ಜೊತೆಗಿರಲಿ.

ಅಂಗಡಿಯಲ್ಲಿ ನೀರಿನ ಬಾಟಲಿಗೆ ಅದರ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಜಾಸ್ತಿ ಕೇಳಿದರೆ ಕೊಡಬೇಡಿ. ಕೂತು ತಿನ್ನುವ ಹೋಟೆಲು, ರೆಸ್ಟೋರೆಂಟಿನ ಮಾತು ಬೇರೆ, ಅಲ್ಲಿ ಜಾಸ್ತಿ ತಗೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಕಿಟಕಿಯಲ್ಲಿ ಬಾಟಲಿ ಕೈಗೆ ಕೊಟ್ಟು ಕಳಿಸುವ ಅಂಗಡಿಗೆ ಆ ಸವಲತ್ತು ಕೇಳೋಕೆ ಬರಲ್ಲ. ಬಿಲ್ಲು ತಗೊಂಡು ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು.

ಲೆಕ್ಕ ಹಾಕಿ ನೋಡಿದಾಗ ಆಗಲ್ಲ ಅನಿಸಿದರೆ ಮಕ್ಕಳಿಗೆ ಬೇರೆ ದಾರಿಗಳೂ ಇವೆ. ಹುಬ್ಬಳ್ಳಿ ದಾಟಿದರೆ ಹೆದ್ದಾರಿಯಲ್ಲೇ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಆಲಮಟ್ಟಿಯ ಉದ್ಯಾನಗಳು, ಸಂಜೆಯ ಸಂಗೀತ ಕಾರಂಜಿ, ಊರ ಹತ್ತಿರವೇ ಭೂತರಾಮನಹಟ್ಟಿಯ ಮೃಗಾಲಯ. ಜನವರಿಯಲ್ಲಾದರೆ ಬಾದಾಮಿ ಬನಶಂಕರಿ ಜಾತ್ರೆಯ ತೊಟ್ಟಿಲು, ಜೋಕಾಲಿ. ಅಲ್ಲಿ ಹತ್ತಿದ ಆಟಕ್ಕೆ ಮಾತ್ರ ದುಡ್ಡು.

ಮೋಸ ಆಯಿತು ಅನಿಸಿದರೆ

ಅಲ್ಲೇ, ಅವತ್ತೇ ಶುರು ಮಾಡಿ. ಬಂದ್ ಆಗಿರುವ ಆಟದ ಬೋರ್ಡಿನ ಫೋಟೊ ತೆಗೆದರೆ ಫೋನಿನಲ್ಲೇ ಹೊತ್ತು ದಾಖಲಾಗುತ್ತದೆ. ಅತಿಥಿ ಸೇವಾ ಕೌಂಟರಿಗೆ ಹೋಗಿ ಬರೆದು ಕೊಡಿ, ದೂರಿನ ಸಂಖ್ಯೆ ಕೇಳಿ. ಬಾಯಿಮಾತಲ್ಲಿ ಜಗಳ ಮಾಡಿ ಬಂದರೆ ಗಂಟಲು ನೋವಷ್ಟೇ. ಅರ್ಧ ದುಡ್ಡು ವಾಪಸ್ ಅಥವಾ ಇನ್ನೊಂದು ದಿನದ ಪಾಸು, ಎರಡರಲ್ಲಿ ಏನು ಬೇಕು ಅಂತ ನೇರವಾಗಿ ಕೇಳಿ. ನಾವು ದೂರದವರು, ಆದ್ದರಿಂದ ಪಾಸಿಗಿಂತ ದುಡ್ಡೇ ಒಳ್ಳೆಯದು. 'ಟಿಕೆಟಿನ ಹಿಂದೆ ಹಣ ವಾಪಸ್ ಇಲ್ಲ ಅಂತ ಬರೆದಿದೆ' ಅಂತ ತೋರಿಸುತ್ತಾರೆ. ಹಾಗೆ ಅಚ್ಚು ಹಾಕಿದ ಮಾತ್ರಕ್ಕೆ ಸೇವೆಯ ಲೋಪ ಮುಚ್ಚಿಹೋಗಲ್ಲ, ಗ್ರಾಹಕ ಆಯೋಗಕ್ಕೆ ಹೋಗುವ ನಿಮ್ಮ ಹಕ್ಕೂ ಹೋಗಲ್ಲ.

ಮನೆಗೆ ಬಂದ ಮೇಲೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ದೊಡ್ಡ ಅನುಕೂಲ ಆಗಿದೆ. ಪಾರ್ಕು ಎಲ್ಲೇ ಇರಲಿ, ನೀವು ಇರುವ ಊರಿನಲ್ಲೇ ದೂರು ಹಾಕಬಹುದು. ಬೆಳಗಾವಿಯವರು ಬೆಳಗಾವಿಯಲ್ಲಿ, ಬಾಗಲಕೋಟೆಯವರು ಬಾಗಲಕೋಟೆಯಲ್ಲಿ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ, ನೀವೇ ವಾದಿಸಬಹುದು. ಆಯೋಗಕ್ಕೆ ಆನ್‌ಲೈನಿನಲ್ಲಿ ದೂರು ಹಾಕುವ ಇ-ಜಾಗೃತಿ ಪೋರ್ಟಲಿನಲ್ಲಿ ಕೂತಲ್ಲಿಂದಲೇ ಸಲ್ಲಿಸಬಹುದು.

ಬರೆಯುವಾಗ ಉದ್ದ ಬೇಡ. 'ಇಂಥ ದಿನ ಇಷ್ಟು ಜನ ಇಷ್ಟು ದುಡ್ಡು ಕೊಟ್ಟು ಹೋದೆವು. ಜಾಹೀರಾತಿನಲ್ಲಿ ಈ ಆಟಗಳಿದ್ದವು. ಅವತ್ತು ಇಂಥಿಂಥವು ಬಂದ್ ಇದ್ದವು, ಟಿಕೆಟ್ ಕೊಡುವಾಗ ತಿಳಿಸಲಿಲ್ಲ. ಕೌಂಟರಿನಲ್ಲಿ ಕೊಟ್ಟ ದೂರಿನ ಸಂಖ್ಯೆ ಇದು. ಇಷ್ಟು ದುಡ್ಡು ವಾಪಸ್ ಬೇಕು.' ಜೊತೆಗೆ ಟಿಕೆಟ್, ಯುಪಿಐ ರಸೀದಿ, ಫೋಟೊ, ಆ ಸ್ಕ್ರೀನ್‌ಶಾಟು. ಹೋಗಿ ಬಂದ ದಿನದಿಂದ 2 ವರ್ಷದೊಳಗೆ ಹಾಕಬೇಕು.